ಸಿಮೆಂಟಿನಲ್ಲಿ ಬಂಡೆ: ಫೈಬರ್ ಕಾಂಕ್ರೀಟಿನಿಂದ ಕೃತಕ ಕಲ್ಲು ಮಾಡುವ ಬಗೆ

ಮನೆ ಮುಂದೆ ದೊಡ್ಡದೊಂದು ಬಂಡೆ ಇರಬೇಕು ಅಂತ ಆಸೆಪಡುವವರು ಬಹಳ ಜನ. ಆಸೆಗೆ ಅಡ್ಡ ಬರುವುದು ತೂಕ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,650 ಕೆಜಿ ತೂಗುತ್ತದೆ. ಒಂದು ಮೀಟರ್ ಅಡ್ಡಳತೆಯ ದುಂಡು ಬಂಡೆ ಅಂದರೆ ಹತ್ತಿರ ಹತ್ತಿರ 1,400 ಕೆಜಿ. ಕ್ರೇನ್ ಬರಬೇಕು, ಬರಲು ದಾರಿ ಇರಬೇಕು. ತಾರಸಿಯ ಮೇಲಂತೂ ಆ ಮಾತೇ ಬೇಡ. ಅದೇ ಗಾತ್ರದ ಬಂಡೆಯನ್ನು ಗ್ಲಾಸ್ ಫೈಬರ್ ಕಾಂಕ್ರೀಟಿನಲ್ಲಿ, ಅಂದರೆ ಗಾಜಿನ ಎಳೆ ಬೆರೆಸಿದ ಸಿಮೆಂಟ್ ಗಾರೆಯಲ್ಲಿ, 12 ಎಂಎಂ ದಪ್ಪದ ಚಿಪ್ಪಾಗಿ ಎರಕ ಹೊಯ್ದರೆ ಚದರ ಮೀಟರಿಗೆ 25 ಕೆಜಿ ಆಗುತ್ತದೆ. ಇಡೀ ಗುಂಡಿನ ಚಿಪ್ಪು 80 ಕೆಜಿ ದಾಟುವುದಿಲ್ಲ.

ಈ ಕೆಲಸ ಹೊಸದೇನಲ್ಲ. 19ನೇ ಶತಮಾನದಲ್ಲೇ ಇಂಗ್ಲೆಂಡಿನ ಪುಲ್ಹಾಮ್ ಕುಟುಂಬದವರು ಇಟ್ಟಿಗೆ ಚೂರುಗಳ ಮೇಲೆ ಸಿಮೆಂಟ್ ಮೆತ್ತಿ ತೋಟಗಳಿಗೆ ಬಂಡೆ ಕಟ್ಟಿಕೊಡುತ್ತಿದ್ದರು. 1907ರಲ್ಲಿ ಕಾರ್ಲ್ ಹಾಗೆನ್‌ಬೆಕ್ ಹ್ಯಾಂಬರ್ಗ್‌ನಲ್ಲಿ ತೆರೆದ ಪ್ರಾಣಿಸಂಗ್ರಹಾಲಯದಲ್ಲಿ ಕಬ್ಬಿಣದ ಸರಳುಗಳ ಬದಲು ಕಂದಕ ಮತ್ತು ಕೃತಕ ಬಂಡೆಗಳಿದ್ದವು. ಗ್ಲಾಸ್ ಫೈಬರ್ ಸೇರಿಕೊಂಡಿದ್ದು 1970ರ ದಶಕದಿಂದ ಈಚೆಗೆ. ಅದರಿಂದಲೇ ತೆಳುವಾದ ಚಿಪ್ಪು ಸಾಧ್ಯವಾಯಿತು.

ಇಲ್ಲಿ ನಾನು ಹೇಳುವುದು ಸುಮಾರು 1.2 ಮೀಟರ್ ಉದ್ದ, 80 ಸೆಂಮೀ ಅಗಲ, 70 ಸೆಂಮೀ ಎತ್ತರದ ಒಂದು ಗ್ರಾನೈಟ್ ಬಂಡೆಯನ್ನು ಅಂಗಳದಲ್ಲೇ ಕಟ್ಟುವ ಬಗೆ. ಕಂಬಿಯ ಹಂದರದ ಮೇಲೆ ಮೊದಲು ಗ್ಲಾಸ್ ಫೈಬರ್ ಗಾರೆಯ ಪದರ, ಅದರ ಮೇಲೆ ಕೈಯಲ್ಲಿ ಕೆತ್ತುವ ಗಾರೆಯ ಪದರ. ಒಬ್ಬ ಗಾರೆಯವರ ಸಹಾಯ ಇದ್ದರೆ ಸಾಕು. ಇದನ್ನು ಕಲಿತರೆ ಇನ್ನೂ ದೊಡ್ಡದಕ್ಕೆ ಕೈಹಾಕಬಹುದು.

ಮೊದಲು ಬಂಡೆ ನೋಡಿ

ಸಿಮೆಂಟ್ ಚೀಲ ಬಿಚ್ಚುವ ಮೊದಲು ಒಂದು ದಿನ ಪೂರ್ತಿ ಬಂಡೆ ನೋಡುವುದಕ್ಕೆ ಇಡಿ. ಇದನ್ನು ಬಿಟ್ಟವರ ಕೆಲಸ ದೂರದಿಂದಲೇ ಗೊತ್ತಾಗುತ್ತದೆ. ಪಾರ್ಕುಗಳಲ್ಲಿ, ರೆಸಾರ್ಟುಗಳಲ್ಲಿ ಕಾಣುವ ಸಿಮೆಂಟ್ ಗುಡ್ಡೆಗಳು ಬಂಡೆಯಂತೆ ಕಾಣದಿರುವುದಕ್ಕೆ ಕಾರಣ ಸಾಮಾನು ಕೆಟ್ಟದ್ದು ಅಂತಲ್ಲ. ಮಾಡಿದವರು ಯಾವ ಬಂಡೆಯನ್ನೂ ನೋಡದೆ, ತಲೆಯಲ್ಲಿದ್ದ 'ಬಂಡೆ'ಯನ್ನು ಮಾಡಿರುತ್ತಾರೆ ಅಷ್ಟೇ.

ನಮ್ಮಲ್ಲಿ ನೋಡುವುದಕ್ಕೆ ಕೊರತೆ ಇಲ್ಲ. ಲಾಲ್‌ಬಾಗಿನ ಬಂಡೆ ನೈಸ್ (gneiss) ಎಂಬ ಶಿಲೆ, 300 ಕೋಟಿ ವರ್ಷ ಹಳೆಯದು. ಅದರಲ್ಲಿ ಬಿಳಿ, ಕಪ್ಪು ಪಟ್ಟೆಗಳು ತಿರುಚಿಕೊಂಡು ಓಡುತ್ತವೆ. ರಾಮನಗರದ್ದು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರೇ ಕಲ್ಲಿಗೆ ಬಂದಿದೆ. ಹತ್ತಿರ ಹೋಗಿ ನೋಡಿದರೆ ಗುಲಾಬಿ, ಬೂದು, ಕಪ್ಪು ಹರಳುಗಳು ಕಾಣುತ್ತವೆ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಪದರದ ಮೇಲೆ ಪದರ. ಕರಾವಳಿಯ ಮುರಕಲ್ಲಿನ ಮೈತುಂಬ ತೂತು. ವಿಜಯಪುರ, ಕಲಬುರಗಿ ಕಡೆ ಕಪ್ಪು ಬಸಾಲ್ಟ್. ಒಂದು ತೋಟಕ್ಕೆ ಒಂದೇ ಜಾತಿಯ ಕಲ್ಲು ಆರಿಸಿಕೊಳ್ಳಿ. ನಿಮ್ಮ ಸುತ್ತಮುತ್ತ ಸಿಗುವುದನ್ನೇ ಆರಿಸಿದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಅಂಗಳದಲ್ಲಿ ಬಾದಾಮಿಯ ಪದರಗಲ್ಲು ಎಷ್ಟೇ ಚೆನ್ನಾಗಿ ಮಾಡಿದರೂ ಹೊರಗಿನದು ಅಂತ ಕಣ್ಣು ಹೇಳುತ್ತದೆ.

ಗ್ರಾನೈಟ್ ಆರಿಸಿದಿರಿ ಅಂದುಕೊಳ್ಳಿ. ಏನು ನೋಡಬೇಕು?

ಬಿರುಕುಗಳನ್ನು ನೋಡಿ. ಅವು ಮನಸ್ಸಿಗೆ ಬಂದ ಹಾಗೆ ಓಡುವುದಿಲ್ಲ. ಎರಡು ಅಥವಾ ಮೂರು ದಿಕ್ಕುಗಳಲ್ಲಿ, ಹೆಚ್ಚು ಕಡಿಮೆ ನೇರವಾಗಿ, ಒಂದನ್ನೊಂದು ಅಡ್ಡ ಹಾಯುತ್ತವೆ. ಬಂಡೆ ಒಡೆದು ಎರಡು ತುಂಡಾಗಿದ್ದರೆ ಒಂದರ ಬಿರುಕು ಇನ್ನೊಂದರಲ್ಲಿ ಮುಂದುವರಿಯುತ್ತದೆ. ಬಿರುಕು ಸುಮ್ನೆ ನಡುವಲ್ಲಿ ನಿಲ್ಲುವುದಿಲ್ಲ. ಒಂದೋ ಇನ್ನೊಂದು ಬಿರುಕಿಗೆ ಸೇರುತ್ತದೆ, ಇಲ್ಲವೇ ಸಣ್ಣದಾಗುತ್ತಾ ಹೋಗಿ ಮಾಯವಾಗುತ್ತದೆ. ಮೂಲೆಗಳು ಸವೆದು ದುಂಡಗಾಗಿರುತ್ತವೆ, ಆದರೆ ಮುಖಗಳು ಚಪ್ಪಟೆಯಾಗಿಯೇ ಉಳಿದಿರುತ್ತವೆ. ಗ್ರಾನೈಟಿನ ಗುಟ್ಟು ಇದೇ.

ಇನ್ನೊಂದು ಸಂಗತಿ, ಹಾಳೆ ಕಳಚುವುದು. ಹಂಪಿ, ರಾಮನಗರದ ಬಂಡೆಗಳ ಮೇಲ್ಮೈ ಮೂರು ನಾಲ್ಕು ಸೆಂಮೀ ದಪ್ಪದ ಚಪ್ಪಡಿಗಳಾಗಿ ಎದ್ದು ಬಿದ್ದಿರುತ್ತದೆ. ಬಿದ್ದ ಜಾಗದ ಅಂಚು ಚೂಪಾದ ಮೆಟ್ಟಿಲಿನ ಥರ ಇರುತ್ತದೆ. ಕೆಳಗೆ ಕಾಣುವ ಹೊಸ ಮೈ ಸ್ವಲ್ಪ ತಿಳಿ ಬಣ್ಣದ್ದು. ಮಳೆ ನೀರು ಇಳಿಯುವ ಕಡೆ ಕಪ್ಪು ಗೆರೆಗಳು, ಬುಡದಲ್ಲಿ ಒಂದು ಗೇಣಿನಷ್ಟು ಕೆಮ್ಮಣ್ಣಿನ ಕಲೆ, ಅಲ್ಲಲ್ಲಿ ಬೂದು ಹಸಿರು ಕಲ್ಲುಹೂವಿನ ಚಕ್ಕೆಗಳು. ಎಲ್ಲದರ ಫೋಟೋ ತೆಗೆಯಿರಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಮೈಯ ಏರಿಳಿತ ಗೊತ್ತಾಗುತ್ತದೆ. ಮನೆಗೆ ಬಂದು ಜೇಡಿಮಣ್ಣಿನಲ್ಲಿ ಅಂಗೈ ಅಗಲದ ಮಾದರಿ ಮಾಡಿ. ಮುಂದೆ ಪ್ರತಿ ಹಂತದಲ್ಲೂ ಫೋಟೋ ಮತ್ತು ಮಾದರಿ ಎರಡೂ ಪಕ್ಕದಲ್ಲಿರಲಿ.

ಜಾಗ

ಬಂಡೆ ಮಣ್ಣಿನೊಳಗಿಂದ ಎದ್ದು ಬಂದಂತೆ ಕಾಣಬೇಕು, ತಂದು ಇಟ್ಟಂತೆ ಅಲ್ಲ. ಅದಕ್ಕೆ ಸುತ್ತ ಒಂದು ಅಡಿ ಆಳಕ್ಕೆ ಮಣ್ಣು ತೆಗೆದು, ಅಲ್ಲಿಂದಲೇ ಹಂದರ ಎಬ್ಬಿಸಿ. ಹಂದರ ಕೂರುವ ಸುತ್ತಿನಲ್ಲಿ 10 ಸೆಂಮೀ ದಪ್ಪದ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಸಿದರೆ ಸಾಕು.

ತಾರಸಿಯಾದರೆ ಲೆಕ್ಕ ಬೇರೆ. ನಮ್ಮ ಐಎಸ್ 875 ಮಾನಕದ ಪ್ರಕಾರ ಜನ ಓಡಾಡುವ ತಾರಸಿಗೆ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಎರಕ ಹೊಯ್ದ ತೆಳು ಚಿಪ್ಪು ಇದರೊಳಗೆ ಆರಾಮಾಗಿ ಬರುತ್ತದೆ. ಈ ಲೇಖನದಲ್ಲಿ ಹೇಳುವ ಕೈಯಲ್ಲಿ ಕೆತ್ತುವ ಬಂಡೆಯ ಚಿಪ್ಪು ಚದರ ಮೀಟರಿಗೆ 75 ಕೆಜಿ ಆಗುತ್ತದೆ. ಇಳಿಜಾರು ಮೈ, ಕಂಬಿ ಎಲ್ಲ ಸೇರಿದರೆ ಅದು ನಿಂತ ಜಾಗಕ್ಕೆ 150 ಕೆಜಿ ಮೀರುತ್ತದೆ. ಜನ ಮರೆಯುವುದು ನೀರನ್ನು. ಒಂದು ಅಡಿ ಆಳದ ಕೊಳ ಅಂದರೆ ಚದರ ಮೀಟರಿಗೆ 300 ಕೆಜಿ ನೀರು! ತಾರಸಿಯ ಮೇಲೆ ಕೊಳ, ಜಲಪಾತ ಅಂದುಕೊಂಡಿದ್ದರೆ ಕಟ್ಟಡದ ಇಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ. ತಾರಸಿಗೆ ಡ್ರಿಲ್ ಹಾಕುವುದೂ ಬೇಡ, ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ.

ಸಾಮಾನು

ಸಿಮೆಂಟ್ ಒಂದೂವರೆ ಚೀಲ ಸಾಕಾಗುತ್ತದೆ. 53 ಗ್ರೇಡ್ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕೆತ್ತುವ ಪದರಕ್ಕೆ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ಬಳಸಿದರೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಕೆತ್ತಲು ಹೆಚ್ಚು ಹೊತ್ತು ಸಿಗುತ್ತದೆ. ಗುಲಾಬಿ ಕಲ್ಲು ಬೇಕಿದ್ದರೆ ಕೆತ್ತುವ ಪದರದಲ್ಲಿ ಅರ್ಧ ಬಿಳಿ ಸಿಮೆಂಟ್ ಸೇರಿಸಿ.

ಮರಳು ಪ್ಲಾಸ್ಟರಿಂಗಿಗೆ ಬಳಸುವ ಪಿ-ಸ್ಯಾಂಡ್. ನನಗೆ ಬಹಳ ಇಷ್ಟವಾದ ವಿಷಯ ಇಲ್ಲಿದೆ. ನಮ್ಮ ಕಡೆ ಎಂ-ಸ್ಯಾಂಡ್, ಪಿ-ಸ್ಯಾಂಡ್ ಎರಡೂ ಗ್ರಾನೈಟ್, ನೈಸ್ ಕಲ್ಲುಗಳನ್ನೇ ಪುಡಿಮಾಡಿ ತಯಾರಿಸುವಂಥವು. ಅಂದರೆ ನೀವು ಕಲಸುವ ಗಾರೆಯಲ್ಲಿ ನಿಜವಾದ ಬಂಡೆ ಆಗಲೇ ಇದೆ. ಮೇಲಿನ ಸಿಮೆಂಟ್ ಪೊರೆ ತೆಗೆದರೆ ಅದು ಹೊರಗೆ ಬರುತ್ತದೆ. ಕೆತ್ತುವ ಹಂತದಲ್ಲಿ ಇದನ್ನು ಬಳಸಿಕೊಳ್ಳೋಣ. ಜತೆಗೆ ಕ್ರಷರಿನಿಂದ 2ರಿಂದ 4 ಎಂಎಂ ಗಾತ್ರದ ಜಲ್ಲಿ ಚೂರು ಒಂದು ಬಕೆಟ್ ತಂದಿಟ್ಟುಕೊಳ್ಳಿ.

ಫೈಬರ್ ಎರಡು ಬಗೆಯದು ಬೇಕು. ಒಂದು ಎಆರ್ ಗ್ಲಾಸ್ ಫೈಬರ್, 12 ಎಂಎಂ ಉದ್ದದ್ದು. ಎಆರ್ ಅಂದರೆ ಕ್ಷಾರ ತಡೆಯುವ ಗಾಜು. ಫೈಬರ್‌ಗ್ಲಾಸ್ ಅಂಗಡಿಯಲ್ಲಿ ದೋಣಿ, ಟ್ಯಾಂಕಿಗೆ ಬಳಸುವ ಸಾಮಾನ್ಯ ಗ್ಲಾಸ್ ಫೈಬರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ತರಬೇಡಿ. ಸಿಮೆಂಟಿನ ಕ್ಷಾರ ಅದನ್ನು ನಿಧಾನಕ್ಕೆ ತಿಂದುಹಾಕುತ್ತದೆ, ಒಳಗೆ ಫೈಬರ್ ಇದ್ದೂ ಇಲ್ಲದಂತಾಗುತ್ತದೆ. ಎಆರ್ ಗಾಜಿನಲ್ಲಿ ಜಿರ್ಕೋನಿಯಾ 16 ಶೇಕಡಾಕ್ಕಿಂತ ಜಾಸ್ತಿ ಇರಬೇಕು, ಪ್ಯಾಕೆಟ್ ಮೇಲೆ ನೋಡಿ. ಇನ್ನೊಂದು ಪಾಲಿಪ್ರೊಪಿಲಿನ್ ಫೈಬರ್. ಪ್ಲಾಸ್ಟರಿಂಗಿಗೆ ಅಂತ ಚೀಲ ಸಿಮೆಂಟಿಗೆ ಒಂದರಂತೆ 125 ಗ್ರಾಂ ಪೊಟ್ಟಣದಲ್ಲಿ ಮಾರುವುದು ಇದೇ ಬಗೆಯದು.

ಇನ್ನುಳಿದಂತೆ ಗಾರೆ ಚೆನ್ನಾಗಿ ಅಂಟಲು ಅಕ್ರಿಲಿಕ್ ಪಾಲಿಮರ್ ದ್ರವ ಒಂದು ಕ್ಯಾನ್, ನೀರು ಹೆಚ್ಚಿಸದೆ ಗಾರೆ ಸಡಿಲ ಮಾಡುವ ಪಿಸಿಇ ಸೂಪರ್ ಪ್ಲಾಸ್ಟಿಸೈಜರ್ ಸ್ವಲ್ಪ, 8 ಎಂಎಂ ಕಂಬಿ, ಗ್ಯಾಲ್ವನೈಜ್ ಮಾಡಿದ ಚಿಕನ್ ಮೆಶ್, ಬೈಂಡಿಂಗ್ ವೈರ್, ಕಂಬಿಗೆ ಬಳಿಯಲು ಜಿಂಕ್ ಪ್ರೈಮರ್. ಕರಾವಳಿಯವರು ಇಲ್ಲಿ ಚೌಕಾಸಿ ಮಾಡಬೇಡಿ. ಉಪ್ಪು ಗಾಳಿಗೆ ಕಂಬಿ ತುಕ್ಕು ಹಿಡಿದು ಉಬ್ಬಿದರೆ ಬಂಡೆ ಒಳಗಿನಿಂದ ಸೀಳುತ್ತದೆ. ಗ್ಲಾಸ್ ಫೈಬರ್ ಕಂಬಿ ಈಗ ಸಿಗುತ್ತದೆ, ಮಂಗಳೂರು, ಉಡುಪಿ, ಕಾರವಾರದಲ್ಲಿ ಅದೇ ವಾಸಿ. ಆದರೆ ಅದು ಬಾಗುವುದಿಲ್ಲ, ನೇರ ತುಂಡುಗಳನ್ನೇ ಜೋಡಿಸಬೇಕು.

ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಗಾಜಿನ ಎಳೆ ಚುಚ್ಚಿ ನವೆ ಬರುತ್ತದೆ, ಕಲ್ಲಿನ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಗಾರೆಯವರಿಗೂ ಕೊಡಿ, ಹಾಕಿಕೊಳ್ಳುವಂತೆ ನೋಡಿಕೊಳ್ಳಿ.

ಕಂಬಿಯ ಹಂದರ

ಕಂಬಿಗಳನ್ನು ಬಂಡೆಯ ಆಕಾರಕ್ಕೆ ಬಗ್ಗಿಸಿ 20ರಿಂದ 25 ಸೆಂಮೀ ಅಂತರದಲ್ಲಿ ಅಡ್ಡ ಉದ್ದ ನಿಲ್ಲಿಸಿ, ಸೇರುವಲ್ಲೆಲ್ಲ ಬೈಂಡಿಂಗ್ ವೈರ್ ಬಿಗಿಯಿರಿ. ಹಂದರ ಬೇಕಾದ ಅಳತೆಗಿಂತ ಎಲ್ಲ ಕಡೆ 4 ಸೆಂಮೀ ಚಿಕ್ಕದಿರಲಿ, ಮೇಲೆ ಗಾರೆ ಬರುತ್ತದಲ್ಲ. ಅಲುಗಾಡಿಸಿದರೆ ಅಲುಗಬಾರದು. ಅಲುಗುವ ಹಂದರದ ಮೇಲೆ ಹಾಕಿದ ಗಾರೆ ಗಟ್ಟಿಯಾಗುವ ಮೊದಲೇ ಬಿರುಕು ಬಿಡುತ್ತದೆ.

ಮೇಲೆ ಎರಡು ಸುತ್ತು ಚಿಕನ್ ಮೆಶ್ ಹೊದಿಸಿ. ಈಗಲೇ ಬಂಡೆಯ ಮುಖಗಳನ್ನು ತರಬೇಕು. ಮೆಶ್ಶನ್ನು ಮುಷ್ಟಿಯಿಂದ ಒಳಗೆ ಒತ್ತಿ, ಚಪ್ಪಟೆ ಮಾಡಿ, ಮುಖ್ಯವಾದ ಬಿರುಕು ಎಲ್ಲಿ ಹಾಯಬೇಕೋ ಅಲ್ಲಿ ಕಣಿವೆ ಮಾಡಿ. ಗಾಳಿ ತುಂಬಿದ ಹಾಗೆ ದುಂಡಗೆ ಬಿಟ್ಟರೆ ಆಮೇಲೆ ಗಾರೆಯಲ್ಲಿ ಸರಿಮಾಡುವುದು ಕಷ್ಟ. ಸಂಜೆ ಕತ್ತಲಾದ ಮೇಲೆ ಒಂದು ಬಟ್ಟೆ ಹೊದಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಮುಖಗಳು ಸರಿಯಾಗಿದ್ದರೆ ಬೆಳಕು ನೆರಳಲ್ಲೇ ಬಂಡೆ ಕಾಣಿಸುತ್ತದೆ. ವೈರಿನ ತುದಿಗಳನ್ನು ಒಳಗೆ ಮಡಚಿ, ಹೊರಗೆ ಉಳಿದರೆ ಮುಂದೆ ತುಕ್ಕಿನ ಚುಕ್ಕೆಯಾಗಿ ಕಾಣುತ್ತವೆ.

ನೀರಿನ ಪೈಪು, ಲೈಟಿನ ವೈರು ಹೋಗಬೇಕಿದ್ದರೆ ಈಗಲೇ ದೊಡ್ಡ ಪೈಪೊಂದನ್ನು ಒಳಗೆ ತೂರಿಸಿಡಿ. ಬುಡದಲ್ಲಿ ಗಾಳಿ, ನೀರು ಹೋಗಲು ಒಂದೆರಡು ತೂತು ಬಿಟ್ಟು ಅದಕ್ಕೆ ಗಟ್ಟಿ ಜಾಲರಿ ಹೊಡೆಯಿರಿ. ಒಳಗೆ ಟೊಳ್ಳಿರುವ, ತಂಪಾದ ಜಾಗವನ್ನು ಇಲಿ, ಹಾವು ಬೇಗ ಪತ್ತೆ ಮಾಡುತ್ತವೆ.

ಮೊದಲ ಪದರ: ಗ್ಲಾಸ್ ಫೈಬರ್ ಗಾರೆ

ಬಂಡೆಗೆ ಶಕ್ತಿ ಕೊಡುವುದು ಈ ಪದರ. ಒಂದು ಸಲಕ್ಕೆ ಕಲಸಲು ಈ ಅಳತೆ ಅನುಕೂಲ: ಸಿಮೆಂಟ್ 10 ಕೆಜಿ, 1.18 ಎಂಎಂ ಜರಡಿಯಲ್ಲಿ ಸೋಸಿದ ಮರಳು 10 ಕೆಜಿ, ಅಕ್ರಿಲಿಕ್ ಪಾಲಿಮರ್ 1 ಕೆಜಿ, ನೀರು 2.7 ಲೀಟರ್, ಪ್ಲಾಸ್ಟಿಸೈಜರ್ 50 ಎಂಎಲ್, ಗ್ಲಾಸ್ ಫೈಬರ್ 600 ಗ್ರಾಂ. ಪಾಲಿಮರಿನಲ್ಲಿ ಅರ್ಧ ನೀರೇ ಇರುತ್ತದೆ, ಅದನ್ನೂ ಸೇರಿಸಿಯೇ ಈ ಲೆಕ್ಕ. ಮರಳು ಒದ್ದೆಯಿದ್ದರೆ ನೀರು ಇನ್ನೂ ಕಡಿಮೆ ಮಾಡಿ. ನಮ್ಮ ಬಂಡೆಗೆ ಇಂಥ ಎರಡೂವರೆ ಮೂರು ಸಲ ಕಲಸಬೇಕಾಗುತ್ತದೆ.

ನೀರು ಕಡಿಮೆ ಆಯಿತು ಅನ್ನಿಸುವುದು ಸಹಜ. ಗಾರೆಯವರು ಒಂದು ಚೊಂಬು ಹೆಚ್ಚಿಗೆ ಸುರಿಯಲು ಹೋಗುತ್ತಾರೆ. ಬಿಡಬೇಡಿ. ಹೆಚ್ಚಿದ ಒಂದೊಂದು ಲೋಟ ನೀರೂ ಶಕ್ತಿ ಕಳೆಯುತ್ತದೆ, ಕೂದಲೆಳೆಯ ಬಿರುಕು ಕೊಡುತ್ತದೆ. ಗಟ್ಟಿ ಅನ್ನಿಸಿದರೆ ಪ್ಲಾಸ್ಟಿಸೈಜರ್ 10 ಎಂಎಲ್‌ನಷ್ಟು ಹೆಚ್ಚಿಸುತ್ತಾ ಹೋಗಿ, 100 ದಾಟಬೇಡಿ.

ಕಲಸುವ ಕ್ರಮ ಮುಖ್ಯ. ಬಕೆಟಿಗೆ ಮೊದಲು ನೀರು, ಪಾಲಿಮರ್, ಪ್ಲಾಸ್ಟಿಸೈಜರ್. ಡ್ರಿಲ್ ಮಿಕ್ಸರ್ ತಿರುಗುತ್ತಿರುವಾಗಲೇ ಸಿಮೆಂಟ್, ಆಮೇಲೆ ಮರಳು. ಗಂಟಿಲ್ಲದೆ ನುಣ್ಣಗಾದ ಮೇಲೆ ಮಿಕ್ಸರ್ ನಿಧಾನ ಮಾಡಿ ಫೈಬರ್ ಉದುರಿಸಿ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಜಾಸ್ತಿ ತಿರುಗಿಸಿದರೆ ಎಳೆಗಳ ಕಟ್ಟು ಬಿಚ್ಚಿಕೊಂಡು ನಾರು ನಾರಾಗುತ್ತದೆ, ಗಾರೆ ಒಣಗಿದಂತಾಗಿ ಕೈಗೆ ಬಗ್ಗುವುದಿಲ್ಲ.

ಮೆಶ್ ಮೇಲೆ ಕೆಳಗಿನಿಂದ ಶುರುಮಾಡಿ, ಗ್ಲೌಸ್ ಹಾಕಿದ ಕೈಯಿಂದಲೇ ಒತ್ತಿ ತುಂಬಿ. ಅರ್ಧ ಗಾರೆ ಮೆಶ್ ದಾಟಿ ಒಳಗೆ ಹೋಗಿ ಕಂಬಿಯನ್ನು ಅಪ್ಪಬೇಕು. ಮೊದಲು 6 ಎಂಎಂ, ಅದು ಸ್ವಲ್ಪ ಎಳೆದುಕೊಂಡ ಮೇಲೆ ಇನ್ನೊಂದು 6 ಎಂಎಂ. ಕೊನೆಗೆ ಗಟ್ಟಿ ಪೊರಕೆಯಿಂದ ಗೀರಿ ಒರಟು ಮಾಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿ ಹಾಗೇ ಬಿಡಿ.

ನವೆಂಬರಿನಿಂದ ಫೆಬ್ರವರಿವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಬೇರೆ ದಿನಗಳಲ್ಲಿ ಮೇಲೆ ಶೇಡ್ ನೆಟ್ ಕಟ್ಟಿ, ಬೆಳಗ್ಗೆ ಏಳಕ್ಕೇ ಶುರುಮಾಡಿ.

ಕೆತ್ತುವ ಪದರ

ಇಡೀ ಕೆಲಸದ ಜೀವ ಇಲ್ಲಿದೆ. ಈ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಅಳತೆ: ಸಿಮೆಂಟ್ 10 ಕೆಜಿ, ಮರಳು 20 ಕೆಜಿ, ಪಾಲಿಪ್ರೊಪಿಲಿನ್ ಫೈಬರ್ 25 ಗ್ರಾಂ, ಪಾಲಿಮರ್ ಅರ್ಧ ಕೆಜಿ, ನೀರು ಬೇಕಾದಷ್ಟೇ. ಹದ ರಾಗಿಮುದ್ದೆಯಂತಿರಬೇಕು: ಉಂಡೆ ಕಟ್ಟಿದರೆ ನಿಲ್ಲಬೇಕು, ಕೈಗೆ ಅಂಟಬಾರದು. ಈ ಪದರಕ್ಕೆ ಗ್ಲಾಸ್ ಫೈಬರ್ ಹಾಕುವುದಿಲ್ಲ. ಕೆತ್ತುವಾಗ ಎಳೆಗಳು ಉಪಕರಣಕ್ಕೆ ಸಿಕ್ಕಿ ಗೀರು ಬೀಳುತ್ತವೆ.

ಹಿಂದಿನ ದಿನದ ಪದರ ಒದ್ದೆ ಮಾಡಿ, ಪಾಲಿಮರ್ ಮತ್ತು ಸಿಮೆಂಟ್ ಕಲಸಿದ ತೆಳು ಗೋಂದನ್ನು ಬ್ರಷ್‌ನಿಂದ ಬಳಿಯಿರಿ. ಅದು ಒಣಗುವ ಮೊದಲೇ ಗಾರೆ ಮೆತ್ತಿ. ದಪ್ಪ ಎಲ್ಲ ಕಡೆ ಒಂದೇ ಇರಬೇಕಿಲ್ಲ, ಇರಲೂಬಾರದು. ಮುಖಗಳ ಮೇಲೆ 20 ಎಂಎಂ, ಹಾಳೆ ಕಳಚಿದ ಅಂಚು ಬರುವಲ್ಲಿ 40ರವರೆಗೂ ಹೋಗಲಿ. ಒಂದು ಸಲಕ್ಕೆ ಬಂಡೆಯ ಒಂದು ಭಾಗ ಮಾತ್ರ ಮಾಡಿ. ಒಂದು ದೊಡ್ಡ ಬಿರುಕಿನ ಹತ್ತಿರ ನಿಲ್ಲಿಸಿದರೆ ನಾಳೆಯ ಜೋಡಣೆ ಕಾಣುವುದಿಲ್ಲ.

ಮೊದಲ ಅರ್ಧ ಗಂಟೆ ಕೈ ಮತ್ತು ಮರದ ಉಜ್ಜುಪಟ್ಟಿಯಿಂದ ದೊಡ್ಡ ಆಕಾರ ತನ್ನಿ. ಮೈ ಇನ್ನೂ ಮೆತ್ತಗಿರುವಾಗ ಆ ಜಲ್ಲಿ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಎರಚಿ, ಅಂಗೈಯಿಂದ ಒತ್ತಿ. ಒಂದೇ ಸಮ ಎರಚಬೇಡಿ. ಗ್ರಾನೈಟಿನಲ್ಲಿ ಹರಳು ಕೆಲವು ಕಡೆ ಗುಂಪಾಗಿರುತ್ತವೆ, ಕೆಲವು ಕಡೆ ವಿರಳ.

ಆಮೇಲೆ ಕಾಯಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಗಾರೆ ಸರಿಯಬಾರದು. ತಂಪು ದಿನದಲ್ಲಿ ಎರಡು ಗಂಟೆ ಹಿಡಿಯಬಹುದು, ಬಿಸಿಲಲ್ಲಿ ಮುಕ್ಕಾಲು ಗಂಟೆಗೇ ಆ ಹೊತ್ತು ಬರುತ್ತದೆ. ಗಡಿಯಾರ ನೋಡಬೇಡಿ, ಹೆಬ್ಬೆರಳು ನಂಬಿ. ಬೇಗ ಕೆತ್ತಿದರೆ ಅಂಚುಗಳು ಕರಗಿದಂತೆ ಮೆತ್ತಗೆ ಬರುತ್ತವೆ. ಸಿಮೆಂಟ್ ಗುಡ್ಡೆಗಳ ಆ ಬೆಣ್ಣೆ ಮೈಗೆ ಕಾರಣ ಇದೇ.

ಹದ ಬಂದಾಗ ಹಳೆಯ ಚಾಕು, ಹ್ಯಾಕ್ಸಾ ಬ್ಲೇಡಿನ ತುಂಡು, ಚಿಕ್ಕ ಕರಣೆ ಇಟ್ಟುಕೊಂಡು ಶುರುಮಾಡಿ. ಬಿರುಕನ್ನು ಗೀಚಬೇಡಿ, ಕತ್ತರಿಸಿ. ಬ್ಲೇಡು ಒಳಗಿಳಿಸಿ ಒಂದು ಬದಿಗೆ ಮೀಟಿದರೆ ಅಂಚು ತಾನಾಗಿ ಒಡೆದು ಚೂರು ಉದುರುತ್ತದೆ. ಹಾಗೆ ಒಡೆದ ಅಂಚು ನೀವು ಎಷ್ಟು ಎಚ್ಚರದಿಂದ ಕೆತ್ತಿದರೂ ಬರುವುದಿಲ್ಲ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಎರಡು ಮೂರು ಎಂಎಂ ಎತ್ತರವಿರಲಿ. ಹಾಳೆ ಕಳಚಿದ ಜಾಗ ಮಾಡಲು ಕರಣೆಯನ್ನು ಮೈಗೆ ಅಡ್ಡವಾಗಿ ತೂರಿಸಿ ಗಾರೆಯ ಚಪ್ಪಡಿಯನ್ನು ಎಬ್ಬಿಸಿ ಕಿತ್ತುಬಿಡಿ. ಕೆಳಗೆ ಉಳಿಯುವ ಒರಟು ಮೈಯನ್ನು ಮುಟ್ಟಬೇಡಿ. ಬಿದ್ದ ತುಂಡುಗಳನ್ನು ಎತ್ತಿಡಿ, ಗಟ್ಟಿಯಾದ ಮೇಲೆ ಬಂಡೆಯ ಬುಡದಲ್ಲಿ ಹರಡಲು ಬೇಕು. ಬಂಡೆಯ ಸುತ್ತ ಅದರದೇ ಚೂರು ಬಿದ್ದಿರುವುದು ಎಲ್ಲ ಕಡೆ ನೋಡುವಂಥದ್ದೇ, ಅಲ್ವಾ?

ಬಿರುಕು ಎಷ್ಟಿರಬೇಕು? ನಿಮಗೆ ಬೇಕೆನಿಸಿದ್ದರಲ್ಲಿ ಅರ್ಧ. ಗ್ರಾನೈಟ್ ಬಂಡೆಯ ಬಹುಪಾಲು ಮೈ ಸುಮ್ಮನೆ ಒರಟಾಗಿರುತ್ತದೆ.

ನಾಲ್ಕರಿಂದ ಆರು ಗಂಟೆ ಆದ ಮೇಲೆ, ಮೈ ಉಗುರಿಗೆ ಗಟ್ಟಿಯಾಗಿ ಸಿಕ್ಕಾಗ, ನೀರು ಚಿಮುಕಿಸಿ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ. ಮೇಲಿನ ಸಿಮೆಂಟ್ ಪೊರೆ ಹಾಲಿನಂತೆ ಇಳಿದು, ಒಳಗಿನ ಮರಳು, ಜಲ್ಲಿ ಹರಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಚಾಕುವಿನ ಗುರುತುಗಳೂ ಹೋಗುತ್ತವೆ. ನಾನು ಮೊದಲೇ ಹೇಳಿದ ನಿಜವಾದ ಬಂಡೆ ಹೊರಬರುವುದು ಈಗ. ಅಂಚುಗಳಲ್ಲಿ ಹಗುರಾಗಿ, ನೀರು ಇಳಿಯುವ ಜಾಡಿನಲ್ಲಿ ಬಲವಾಗಿ ಉಜ್ಜಿ. ಒಣಗಿದ ಮೇಲೆ ಅಲ್ಲಲ್ಲಿ ಪ್ಲಾಸ್ಟಿಕ್ ಎಳೆಗಳು ರೋಮದಂತೆ ನಿಂತಿರುತ್ತವೆ. ಗ್ಯಾಸ್ ಟಾರ್ಚ್ ಜ್ವಾಲೆಯನ್ನು ಬೇಗ ಬೇಗ ಸವರಿದರೆ ಸುಟ್ಟು ಹೋಗುತ್ತವೆ. ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಸಿಮೆಂಟ್ ಚಕ್ಕೆ ಏಳುತ್ತದೆ.

ಅಚ್ಚು ತೆಗೆಯುವ ದಾರಿ

ತಾರಸಿಗೆ ಹಗುರ ಚಿಪ್ಪು ಬೇಕಿದ್ದರೆ ನಿಜವಾದ ಬಂಡೆಯಿಂದಲೇ ಅಚ್ಚು ತೆಗೆಯಬಹುದು. ರಬ್ಬರ್ ಬೆಳೆಯುವ ಸುಳ್ಯ, ಪುತ್ತೂರು ಕಡೆಯವರಿಗೆ ಲೇಟೆಕ್ಸ್ ಪರಿಚಿತವೇ. ಬಂಡೆಯನ್ನು ತೊಳೆದು, ಲೇಟೆಕ್ಸನ್ನು ಬ್ರಷ್‌ನಿಂದ ತೆಳುವಾಗಿ ಬಳಿಯಿರಿ. ಬಿಳಿ ಬಣ್ಣ ಹೋಗಿ ಹಳದಿ ಪಾರದರ್ಶಕವಾದಾಗ ಮುಂದಿನ ಪದರ. ಹೀಗೆ ಎಂಟು ಹತ್ತು ಪದರ, ನಡುವೆ ಒಂದೆರಡು ಸಲ ಗಾಯಕ್ಕೆ ಕಟ್ಟುವಂಥ ತೆಳು ಗಾಜ್ (gauze) ಬಟ್ಟೆ. ಸುಲಿಯುವ ಮೊದಲು ಹಿಂಬದಿಗೆ ಫೈಬರ್‌ಗ್ಲಾಸಿನ ಗಟ್ಟಿ ಕವಚ ಕೊಡಿ, ಇಲ್ಲದಿದ್ದರೆ ಅಚ್ಚು ಆಕಾರ ಕಳೆದುಕೊಳ್ಳುತ್ತದೆ. ಆಮೇಲೆ ಅಚ್ಚಿನೊಳಗೆ ಮೊದಲು ಫೈಬರ್ ಇಲ್ಲದ 3 ಎಂಎಂ ಗಾರೆ, ಅದು ಎಳೆದುಕೊಂಡ ಕೂಡಲೇ ಮೊದಲ ಪದರಕ್ಕೆ ಹೇಳಿದ ಗಾರೆ 10 ಎಂಎಂ.

ಅಚ್ಚು ತೆಗೆಯುವುದು ನಿಮ್ಮ ಜಮೀನಿನ ಬಂಡೆಯಿಂದ ಮಾತ್ರ. ಹಂಪಿಯಂಥ ಸ್ಮಾರಕದ ಜಾಗದಲ್ಲಿ, ಅರಣ್ಯದ ಬಂಡೆಯ ಮೇಲೆ ಲೇಟೆಕ್ಸ್ ಬಳಿಯುವುದು ತಪ್ಪು. ವರ್ಷಗಟ್ಟಲೆ ಬೆಳೆದ ಕಲ್ಲುಹೂವನ್ನೆಲ್ಲ ಅದು ಕಿತ್ತುಕೊಂಡು ಬರುತ್ತದೆ.

ಕ್ಯೂರಿಂಗ್, ಆಮೇಲೆ ಬಣ್ಣ

ಏಳು ದಿನ ಒದ್ದೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್. ಇದರಲ್ಲಿ ಹೇಳುವುದಕ್ಕೆ ಹೆಚ್ಚೇನಿಲ್ಲ, ತಪ್ಪಿಸಬೇಡಿ ಅಷ್ಟೇ. ಬಣ್ಣಕ್ಕೆ ಇನ್ನೂ ಎರಡು ವಾರ ಕಾಯಿರಿ.

ಬಣ್ಣ ಅಂದರೆ ಪೇಂಟ್ ಅಲ್ಲ. ಎಮಲ್ಷನ್ ಬಳಿದರೆ ಹರಳುಗಳೆಲ್ಲ ಮುಚ್ಚಿಹೋಗಿ ಅಷ್ಟೂ ದಿನದ ಕೆಲಸ ವ್ಯರ್ಥ. ನಮಗೆ ಬೇಕಾದದ್ದು ನೀರಿನಷ್ಟು ತೆಳುವಾದ, ಒಳಗೆ ಇಳಿಯುವ ಬಣ್ಣ. ಹಾರ್ಡ್‌ವೇರ್ ಅಂಗಡಿಯ ಐರನ್ ಆಕ್ಸೈಡ್ ಪುಡಿಗಳು ಸಾಕು: ಕಪ್ಪು, ಹಳದಿ, ಕೆಂಪು. ಒಂದು ಲೀಟರ್ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಅಕ್ರಿಲಿಕ್ ಪಾಲಿಮರ್.

ಒದ್ದೆ ಬಂಡೆಯ ಮೇಲೆ ಮೊದಲು ತಿಳಿ ಬೂದು ಬಣ್ಣ ಚಿಮುಕಿಸಿ, ಹರಿದು ಹೋಗಲು ಬಿಡಿ. ಆಮೇಲೆ ಕಡು ಬಣ್ಣವನ್ನು ಬಿರುಕು, ಗುಂಡಿಗಳಿಗೆ ಬಿಟ್ಟು ಮೇಲ್ಮೈಯನ್ನು ಒದ್ದೆ ಸ್ಪಂಜಿನಿಂದ ಒರೆಸಿ. ತಗ್ಗಿನಲ್ಲಿ ಕಪ್ಪು, ಎತ್ತರದಲ್ಲಿ ತಿಳಿ ಉಳಿಯುತ್ತದೆ. ಹಾಳೆ ಕಳಚಿದ ಜಾಗಕ್ಕೆ ಏನೂ ಹಾಕಬೇಡಿ, ಅದು ತಿಳಿಯಾಗಿಯೇ ಇರಲಿ. ಹಳೆಯ ಟೂತ್‌ಬ್ರಷ್ ಅದ್ದಿ ಬೆರಳಿಂದ ಮೀಟಿ ಕಪ್ಪು, ಗುಲಾಬಿ, ಬಿಳಿ ಚುಕ್ಕೆ ಸಿಡಿಸಿದರೆ ಹರಳುಗಳು ಹೆಚ್ಚುತ್ತವೆ. ಮೇಲಿನ ಅಂಚಿನಿಂದ ನೀರು ಇಳಿಯುವ ಜಾಡಿನಲ್ಲಿ ಕಪ್ಪು ಬಣ್ಣವನ್ನು ಲೋಟದಿಂದ ಸುರಿದು, ಅದರ ಪಾಡಿಗೆ ಇಳಿಯಲು ಬಿಡಿ. ಬ್ರಷ್‌ನಲ್ಲಿ ಬರೆದ ಗೆರೆಗಿಂತ ತಾನಾಗಿ ಇಳಿದ ಗೆರೆ ಯಾವಾಗಲೂ ನಿಜ ಅನ್ನಿಸುತ್ತದೆ.

ತುಕ್ಕಿನ ಕಂದು ಬಣ್ಣಕ್ಕೆ ಗೊಬ್ಬರದಂಗಡಿಯ ಅನ್ನಭೇದಿಗೆ (ಫೆರಸ್ ಸಲ್ಫೇಟ್) ಸಮ ಇನ್ನೊಂದಿಲ್ಲ. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಸಿಂಪಡಿಸಿ. ಹಾಕಿದಾಗ ಏನೂ ಕಾಣುವುದಿಲ್ಲ. ಸಿಮೆಂಟಿನ ಸುಣ್ಣದ ಜತೆ ಸೇರಿ ಕೆಲವು ಗಂಟೆಗಳಲ್ಲಿ ನಿಧಾನಕ್ಕೆ ಹಳದಿ ಕಂದು ಏಳುತ್ತದೆ. ಬಣ್ಣ ಸಾಲದೆಂದು ಅವತ್ತೇ ಮತ್ತೆ ಹೊಡೆಯಬೇಡಿ, ಮರುದಿನ ನೋಡಿ ತೀರ್ಮಾನಿಸಿ. ಪಕ್ಕದ ನೆಲಹಾಸಿನ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಮೊದಲೇ ಪ್ಲಾಸ್ಟಿಕ್ ಹಾಸಿ.

ಬುಡಕ್ಕೆ ನಿಮ್ಮ ಅಂಗಳದ ಮಣ್ಣನ್ನೇ ನೀರಲ್ಲಿ ಕದಡಿ ಒಂದು ಗೇಣು ಎತ್ತರಕ್ಕೆ ಎರಚಿ. ನೆರಳಿನ ಬದಿಗೆ ತೆಳುವಾಗಿ ಸಗಣಿ ನೀರು ಬಳಿದು ತೇವ ಇಟ್ಟರೆ ಮಳೆಗಾಲದಲ್ಲಿ ಪಾಚಿ ಬೇಗ ಹಿಡಿಯುತ್ತದೆ. ಪಾಚಿ ಬೇಡದ ಬದಿಗೆ ಸಿಲೇನ್ ಸಿಲೋಕ್ಸೇನ್ ಬಗೆಯ, ಒಳಗಿಳಿಯುವ ಸೀಲರ್ ಹೊಡೆಯಿರಿ. ಹೊಳಪು ಕೊಡುವ ಸೀಲರ್ ಮಾತ್ರ ಬೇಡ.

ನೀರು ಹರಿಯಬೇಕಾದರೆ

ಕೃತಕ ಬಂಡೆಯೇ ನೀರು ತಡೆಯುತ್ತದೆ ಅಂತ ನಂಬಬೇಡಿ. ಕೊಳಕ್ಕೆ ಬೇರೆಯೇ ಲೈನರ್ (ನೀರು ಸೋರದ ಹಾಳೆ) ಹಾಸಿ, ಅದರ ಮೇಲೆ ಬಂಡೆ ಬರಲಿ. ನೀರು ಬೀಳುವ ತುಟಿಯ ಅಡಿಯಲ್ಲಿ ಬೆರಳಗಲದ ತೋಡು ತೆಗೆಯಿರಿ, ಇಲ್ಲದಿದ್ದರೆ ನೀರು ಬಂಡೆಗೆ ಅಂಟಿಕೊಂಡೇ ಹಿಂದಕ್ಕೆ ಸೋರುತ್ತದೆ. ತುಟಿಯ ಪ್ರತಿ ಸೆಂಮೀ ಅಗಲಕ್ಕೆ ಗಂಟೆಗೆ 150 ಲೀಟರ್ ಹರಿದರೆ ಹಾಳೆಯಂತೆ ಬೀಳುತ್ತದೆ. 30 ಸೆಂಮೀ ತುಟಿಗೆ 4,500 ಲೀಟರ್. ಪಂಪ್ ಕೊಳ್ಳುವಾಗ ಆ ಎತ್ತರಕ್ಕೆ ಅದು ಅಷ್ಟು ಕೊಡುತ್ತದಾ ಅಂತ ಡಬ್ಬಿಯ ಮೇಲಿನ ಚಾರ್ಟ್ ನೋಡಿ. ಪಂಪ್ ಹೊರತೆಗೆಯಲು ಒಂದು ಚಿಕ್ಕ ಬಂಡೆಯನ್ನು ಎತ್ತಿಡುವಂತೆ ಬಿಡಿಯಾಗಿ ಮಾಡಿ. ಪಂಪಿನ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಕಡ್ಡಾಯ, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಹೊಸ ಸಿಮೆಂಟ್ ನೀರಿಗೆ ಸುಣ್ಣ ಬಿಡುತ್ತದೆ, ಮೀನು ಸಾಯುತ್ತವೆ. ಕೊಳ ತುಂಬಿ, ಎರಡು ಮೂರು ದಿನ ಬಿಟ್ಟು ಖಾಲಿ ಮಾಡಿ, ಮತ್ತೆ ತುಂಬಿ. ಪಿಎಚ್ 8.5ಕ್ಕಿಂತ ಕೆಳಗೆ ನಿಲ್ಲುವವರೆಗೂ ಇದೇ ಕೆಲಸ. ಬಂಡೆಯ ಮೇಲೆ ನೀರು ನಿಲ್ಲುವ ಗುಂಡಿಗಳಿದ್ದರೆ ಒಂದು ಬದಿ ಕೊರೆದು ಹರಿಯುವಂತೆ ಮಾಡಿ, ಸೊಳ್ಳೆಗೆ ಒಂದು ಚಿಪ್ಪು ನೀರು ಸಾಕು.

ಮೊದಲ ಮಳೆಗಾಲ ಕಳೆದ ಮೇಲೆ ಒಂದು ಸಲ ಪೂರ್ತಿ ತಪಾಸಣೆ ಮಾಡಿ. ಮೈಯನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಎಲ್ಲಾದರೂ ಟೊಳ್ಳು ಸದ್ದು ಬದಲಾದರೆ ಕೆತ್ತುವ ಪದರ ಅಲ್ಲಿ ಬಿಟ್ಟುಕೊಂಡಿದೆ ಅಂತ ಅರ್ಥ. ಆ ತುಂಡು ಬಿಡಿಸಿ, ಅಂಚನ್ನು ಹತ್ತಿರದ ಬಿರುಕಿನವರೆಗೆ ವಿಸ್ತರಿಸಿ, ಗೋಂದು ಬಳಿದು ಅದೇ ಅಳತೆಯ ಗಾರೆ ತುಂಬಿ. ಅದಕ್ಕಾಗಿ ಉಳಿದ ಮರಳು, ಜಲ್ಲಿ ಚೂರನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟಿರಿ. ಬೇರೆ ಕ್ರಷರಿನ ಮರಳು ತಂದರೆ ತೇಪೆ ಬೇರೆ ಬಣ್ಣಕ್ಕೆ ಕಾಣುತ್ತದೆ.